ಕೊಳೆತ ಟೊಮೇಟೊ

“ಬಂತಾ?”

“ಇಲ್ಲ.”

“ಈಗ?”

“ನೀನು ಕೇಳಿ ಬಾಯಿ ಮುಚ್ಚೋದರೊಳಗೆ ಬಂದುಬಿಡುತ್ತಾ? ಇಲ್ಲ ಕಣೋ.”

ಸೀನ ಹೆಬ್ಬೆರಳಿನಿಂದ ಫೋನಿನ ಪರದೆಯನ್ನು ಇನ್ನೊಂದು ಸಲ ಕೆಳಕ್ಕೆ ಎಳೆದು ಬಿಟ್ಟ. ಪುಟ್ಟ ಚಕ್ರ ಗಿರಗಿರ ತಿರುಗಿ ನಿಂತಿತು. ಅದೇ ಪುಟ, ಅದೇ ಸಾಲು. ಆಂತರಿಕ ಪರೀಕ್ಷೆಯ (ಇಂಟರ್ನಲ್ಸ್) ಫಲಿತಾಂಶ ಶೀಘ್ರದಲ್ಲೇ ಪ್ರಕಟವಾಗಲಿದೆ. ಆ ‘ಶೀಘ್ರ’ಕ್ಕೆ ಇವತ್ತಿಗೆ 11 ದಿನ. ಫೈನಲ್ ಪರೀಕ್ಷೆಗೆ ಉಳಿದಿರುವುದು 9 ದಿನ.

“ಸ್ವಲ್ಪ ಸುಮ್ನಿರ್ತೀರಾ?” ಎಂದ ಗುಂಡ. “ನನ್ನ ಟೊಮೇಟೊ ನಡೀತಾ ಇದೆ.”

ಸುಬ್ಬಿ ಪುಸ್ತಕದಿಂದ ತಲೆ ಎತ್ತಿದಳು. “ಏನು ನಡೀತಾ ಇದೆ?”

“ಟೊಮೇಟೊ ಕಣೆ. 25 ನಿಮಿಷ ಓದು, 5 ನಿಮಿಷ ಬಿಡುವು. ಅಷ್ಟಾದರೆ ಒಂದು ಟೊಮೇಟೊ. ನಾಲ್ಕು ಟೊಮೇಟೊ ಆದಮೇಲೆ ದೊಡ್ಡ ಬಿಡುವು.”

“ಇವತ್ತು ಎಷ್ಟಾಯ್ತು?”

“ಇದೇ ಮೊದಲನೇದು.”

“ಬೆಳಿಗ್ಗೆಯಿಂದ ಇಲ್ಲೇ ಕೂತಿದೀಯಲ್ಲೋ!”

“ಬೆಳಿಗ್ಗೆ ಆ್ಯಪ್ ಹುಡುಕಿದೆ. ಒಂದರಲ್ಲಿ ಗಂಟೆ ಸದ್ದು ಹಿಡಿಸಲಿಲ್ಲ. ಇನ್ನೊಂದರಲ್ಲಿ ಓದಿದಷ್ಟು ಹೊತ್ತೂ ಗಿಡ ಬೆಳೆಯುತ್ತೆ, ಮಧ್ಯೆ ಫೋನ್ ಮುಟ್ಟಿದರೆ ಒಣಗಿಹೋಗುತ್ತೆ. ಮೂರು ಗಿಡ ಒಣಗಿದವು. ಪಾಪ ಅನ್ನಿಸಿ ತೆಗೆದುಹಾಕಿದೆ. ಆಮೇಲೆ ಟೈಮ್‌ಟೇಬಲ್ ಹಾಕಿದೆ.”

ಹಾಳೆ ಬಿಡಿಸಿ ತೋರಿಸಿದ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಸ್ಕೇಲ್ ಇಟ್ಟು ಎಳೆದ ಗೆರೆಗಳು. ಕಷ್ಟದ ವಿಷಯಕ್ಕೆ ಕೆಂಪು, ಸುಲಭದ್ದಕ್ಕೆ ಹಸಿರು. ಹಸಿರು ಮಾತ್ರ ಎಲ್ಲೂ ಕಾಣಲಿಲ್ಲ. ‘ಮೊದಲನೇ ದಿನ’ ಅಂತ ಇದ್ದ ಕಡೆ ನಿನ್ನೆಯ ತಾರೀಕು ಹೊಡೆದು ಇವತ್ತಿನದು ಬರೆದಿದ್ದ. ಅದರ ಕೆಳಗೆ ಮೊನ್ನೆಯದೂ ಮಸುಕಾಗಿ ಕಾಣುತ್ತಿತ್ತು.

“ಟೈಮ್‌ಟೇಬಲ್ ಬರೆಯಿರಿ ಅಂತ ಹತ್ತು ಮಾರ್ಕ್ಸಿನ ಪ್ರಶ್ನೆ ಬಂದರೆ ನಿನ್ನನ್ನ ಹಿಡಿಯೋರಿಲ್ಲ,” ಎಂದಳು ಸುಬ್ಬಿ.

“ನಗಬೇಡ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನೋನು 1980ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು ಇದು. ಅವನೂ ಆಗ ನಮ್ಮ ಹಾಗೇ ವಿಶ್ವವಿದ್ಯಾಲಯದಲ್ಲಿ ಓದ್ತಾ ಇದ್ದ. ಕೂತರೆ ಮನಸ್ಸು ನಿಲ್ತಾ ಇರಲಿಲ್ಲ. ಅಡುಗೆಮನೆಯಲ್ಲಿ ಇಟ್ಟುಕೊಳ್ಳೋ ಟೊಮೇಟೊ ಆಕಾರದ ಟೈಮರ್ ತಿರುಗಿಸಿಟ್ಟುಕೊಂಡು ಓದಿದ.”

“ಅವನ ಟೊಮೇಟೊದಲ್ಲಿ ಇಂಟರ್ನೆಟ್ ಇರಲಿಲ್ಲ ಕಣೋ.”

ಗುಂಡ ಉತ್ತರ ಹುಡುಕುವಷ್ಟರಲ್ಲಿ ಸೀನನ ಹೆಬ್ಬೆರಳು ಮತ್ತೆ ಕೆಳಕ್ಕೆ ಇಳಿಯಿತು. ಚಕ್ರ ತಿರುಗಿತು.

“ನಿನ್ನನ್ನ ನೋಡಿದರೆ ಸ್ಕಿನ್ನರ್ ಸಾಕಿದ್ದ ಪಾರಿವಾಳ ನೆನಪಾಗುತ್ತೆ,” ಎಂದಳು ಸುಬ್ಬಿ.

“ಯಾರ ಪಾರಿವಾಳ?”

“ಮನಃಶಾಸ್ತ್ರದವನು. ಬಟನ್ ಕುಕ್ಕಿದರೆ ಕಾಳು ಬೀಳೋ ಹಾಗೆ ಪೆಟ್ಟಿಗೆ ಮಾಡಿದ್ದ. ಯಾವ ಸಲ ಬೀಳುತ್ತೆ ಅಂತ ಗೊತ್ತಾಗದ ಹಾಗೆ ಮಾಡಿದಾಗ ಪಾರಿವಾಳ ಕುಕ್ಕೋದು ಬಿಡಲೇ ಇಲ್ಲ. ಕಾಳು ನಿಲ್ಲಿಸಿದ ಮೇಲೂ ಎಷ್ಟೋ ಹೊತ್ತು ಕುಕ್ತಾನೇ ಇತ್ತು.”

“ಅದಕ್ಕೆ ಮೊದಲಾದರೂ ಕಾಳು ಸಿಕ್ಕಿತ್ತಲ್ಲ.”

“ಅದನ್ನೇ ಹೇಳ್ತಿರೋದು. ಒಂದು ಕಾಳೂ ನೋಡದೆ ಕುಕ್ತಾ ಇದೀಯ. ಪಾರಿವಾಳಕ್ಕಿಂತ ನೀನೇ ನಂಬಿಗಸ್ತ. ಇನ್ನು ರಿಸಲ್ಟ್ ನಿಜವಾಗಿ ಬಂದ ದಿನ ಎಲ್ಲ ಪಾರಿವಾಳಗಳೂ ಒಟ್ಟಿಗೆ ಕುಕ್ಕಿ ಸರ್ವರ್ ಮಲಗುತ್ತೆ. ಆಗ ಬೈಯೋದು ಸರ್ವರನ್ನ.”

ಗುಂಡನಿಗೆ ಖುಷಿಯಾಯಿತು, ಬೈಗುಳ ಪಕ್ಕಕ್ಕೆ ಹೋಯಿತಲ್ಲ ಅಂತ. ಸದ್ದಿಲ್ಲದೆ ಹಳದಿ ಹೈಲೈಟರ್ ಮುಚ್ಚಳ ತೆಗೆದ. ಸುಬ್ಬಿ ಅವನ ಪುಸ್ತಕಕ್ಕೆ ಇಣುಕಿದಳು. ಪುಟ ಪೂರ್ತಿ ಹಳದಿ. ನಡುವೆ ಎರಡೇ ಸಾಲು ಬಿಳಿ.

“ಈ ಎರಡು ಸಾಲು ಏನು ತಪ್ಪು ಮಾಡಿದವು?”

“ಅವು ಇಂಪಾರ್ಟೆಂಟ್ ಅಲ್ಲ.”

“ಕಣ್ಣಿಗೆ ಬೀಳೋದು ಈಗ ಅವೇ. ಕೇಳು, 2013ರಲ್ಲಿ ಡನ್ಲೋಸ್ಕಿ ಅನ್ನೋ ಮನಃಶಾಸ್ತ್ರಜ್ಞ ಮತ್ತು ಜೊತೆಯವರು ಓದೋ ಹತ್ತು ವಿಧಾನ ಇಟ್ಟುಕೊಂಡು ಪರಿಶೀಲಿಸಿದ್ದರು. ಹೀಗೆ ಬಣ್ಣ ಹಚ್ಚೋದರಿಂದ ಪ್ರಯೋಜನ ಕಡಿಮೆ ಅಂದರು. ತನ್ನನ್ನ ತಾನೇ ಪ್ರಶ್ನೆ ಕೇಳಿಕೊಳ್ಳೋದು, ಹಲವು ದಿನಗಳಿಗೆ ಹಂಚಿಕೊಂಡು ಓದೋದು, ಇವೆರಡೇ ಮೇಲೆ ನಿಂತಿದ್ದು.”

“ತಡಿ, ಇದನ್ನೂ ಹಳದಿ ಮಾಡ್ಕೋತೀನಿ.”

“ಮಾಡ್ಕೋ.”

“ಒಂದೇ ಪಾಠ ಮೂರು ಸಲ ಓದ್ತೀನಲ್ಲ, ಅದೂ ಸಾಲದಾ?”

“ಅದನ್ನೂ ನೋಡಿದಾರೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು. ಒಂದು ಗುಂಪು ಓದಿದ್ದನ್ನೇ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. 5 ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟರೆ ಓದಿದ್ದನ್ನೇ ಓದಿದವರು ಮುಂದೆ. ಒಂದು ವಾರ ಬಿಟ್ಟು ಕೊಟ್ಟರೆ ಪುಸ್ತಕ ಮುಚ್ಚಿದವರು ಮುಂದೆ.”

ಗುಂಡ ಎದ್ದೇ ನಿಂತ. “ಹಾಗಾದರೆ ಹಾಲ್ ಬಾಗಿಲಲ್ಲಿ 5 ನಿಮಿಷ ಮುಂಚೆ ಓದಿದರೆ ನಾನೇ ಫಸ್ಟು!”

“ಪರೀಕ್ಷೆ ಮೂರು ಗಂಟೆ ನಡೆಯುತ್ತೆ. ಆರನೇ ನಿಮಿಷಕ್ಕೆ ಏನು ಮಾಡ್ತೀಯ?”

“ಬಿಡುವು ತಗೋತೀನಿ,” ಎಂದ. ಸುಬ್ಬಿಗೂ ನಗು ತಡೆಯಲಾಗಲಿಲ್ಲ.

ಆದರೆ ಅವಳು ಬಿಡುವವಳಲ್ಲ. “ಓದೋದಕ್ಕಿಂತ ಓದೋದು ಹೇಗೆ ಅಂತ ಓದೋದೇ ಜಾಸ್ತಿ ಆಗಿದೆ ಕಣೋ. ಅದರ ಮೇಲೆ ಆ ವಿಡಿಯೋ ಬೇರೆ, ನನ್ನ ಜೊತೆ ಓದಿ ಅಂತ. ಅಲ್ಲಿ ಒಬ್ಬಳು ಎರಡು ಗಂಟೆ ತುಟಿ ಬಿಚ್ಚದೆ ಪುಟ ತಿರುಗಿಸ್ತಾಳೆ. ನೀನು ಕೂತು ನೋಡ್ತೀಯ. ಕೊನೆಗೆ ಪಾಸಾಗೋದು ಅವಳು.”

ಟ್ರಿಣ್ ಅಂತು ಗುಂಡನ ಫೋನು. ಅವನು ಟೈಮ್‌ಟೇಬಲ್ ಎಳೆದುಕೊಂಡು ಒಂದು ಕೆಂಪು ಟೊಮೇಟೊ ಬರೆದ. ಮೇಲೆ ಹಸಿರು ತೊಟ್ಟು ಕೂಡ ಹಚ್ಚಿದ. ಹಸಿರು ಪೆನ್ನಿಗೆ ಕೊನೆಗೂ ಕೆಲಸ ಸಿಕ್ಕಿತು.

“ಏನೋ ಓದಿದೆ ಇಷ್ಟು ಹೊತ್ತು?”

“ಓದೋಕೆ ಎಲ್ಲಿ ಬಿಟ್ಟೆ ನೀನು? ಆದರೆ 25 ನಿಮಿಷ ಆಗಿದ್ದು ನಿಜ ತಾನೇ?”

“ಕೊಳೆತ ಟೊಮೇಟೊ ಅದು.”

ಸೀನ ಮತ್ತೆ ಪರದೆ ಎಳೆದ. ಈ ಸಲ ಸುಬ್ಬಿಗೆ ರೇಗಿತು. “ಆ ಇಂಟರ್ನಲ್ಸ್ ಬಂದರೂ ಇದೇ ಪುಸ್ತಕ ಓದಬೇಕು, ಬರದಿದ್ದರೂ ಇದೇ ಓದಬೇಕು. ನಿನಗ್ಯಾಕೋ ಅಷ್ಟು ಆತುರ?”

“ನನಗೇನಿಲ್ಲ. ಅಪ್ಪ ಕೇಳ್ತಾರೆ.”

“ಏನಂತ?”

“ದಿನಾ ಸಾಯಂಕಾಲ ಫೋನ್ ಮಾಡಿ, ಬಂತಾ ಅಂತಾರೆ. ಇಂಟರ್ನಲ್ಸ್ ಅಂದರೇನು ಅಂತ ಅವರಿಗೆ ಗೊತ್ತಿಲ್ಲ. ಎರಡು ಸಲ ಹೇಳಿದೆ, ಹೂಂ ಅಂದರು. ಮೊದಲೆಲ್ಲ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳಿ ಅಮ್ಮನ ಕೈಗೆ ಕೊಟ್ಟುಬಿಡ್ತಿದ್ದರು. ಈಗ ಬಂತಾ ಅಂತಾರೆ, ಇಲ್ಲ ಅಂದರೆ ಯಾಕಂತೆ ಅಂತಾರೆ, ಸರ್ವರ್ ಅಂದರೆ ಹಾಗಂದರೇನು ಅಂತಾರೆ. ಮೊನ್ನೆ ಏಳು ನಿಮಿಷ ಮಾತಾಡಿದರು.” ಸೀನ ಫೋನನ್ನು ಮಗುಚಿ ಇಟ್ಟ. “ಬಂದುಬಿಟ್ಟರೆ ಆಮೇಲೆ ಏನು ಕೇಳ್ತಾರೋ.”

ಗುಂಡ ಹೈಲೈಟರ್ ಮುಚ್ಚಳ ಹಾಕಿದ. ಸುಬ್ಬಿಯೂ ಏನೂ ಹೇಳಲಿಲ್ಲ.

ಮಗುಚಿಟ್ಟ ಫೋನು ಮೇಜಿನ ಮೇಲೆ ನಡುಗಿತು. ಸೀನ ಎತ್ತಿಕೊಂಡ.

“ಹಲೋ… ಇನ್ನೂ ಇಲ್ಲಪ್ಪ… ಅದೇ, ಸರ್ವರ್… ಹೂಂ, ನಾಳೆ ಬರಬಹುದು… ಇಲ್ಲಪ್ಪ, ಸುಮ್ನೆ ಕೂತಿಲ್ಲ, ಓದ್ತಾ ಇದೀನಿ.”

ಸುಬ್ಬಿ ಅವನ ಮುಚ್ಚಿದ ಪುಸ್ತಕವನ್ನು ತೆಗೆದು, ಮೂರನೇ ಪಾಠ ಬಿಡಿಸಿ, ಅವನ ಮುಂದೆ ತಳ್ಳಿದಳು. ಹೇಳಿದ ಮಾತು ಪೂರ್ತಿ ಸುಳ್ಳಾಗುವುದು ಬೇಡ ಅಂತ.

“ಟೈಮರ್ ಹಾಕ್ಲಾ?” ಗುಂಡ ಪಿಸುಗುಟ್ಟಿದ.

“ಮಾತು ಮುಗೀಲಿ, ತಡಿ.”