ಅಮ್ಮ ಒಬ್ರೇ ಇರೋ ಮನೆಗೆ ಎಷ್ಟು ಸೆಕ್ಯುರಿಟಿ ಸಾಕು?

ಮೈಸೂರಲ್ಲಿ ನಮ್ದು ಗ್ರೌಂಡ್ ಫ್ಲೋರ್ ಮನೆ, ಅಮ್ಮ ಒಬ್ರೇ ಇರ್ತಾರೆ. ಅಂಗಡಿಯವ್ರು 8 ಕ್ಯಾಮೆರಾ ಸೆಟ್ ಹಾಕ್ಸಿ ಅಂತಿದಾರೆ, ನಿಜವಾಗ್ಲೂ ಅಷ್ಟು ಬೇಕಾ?

ಉತ್ತರ 1:
ಬೇಡ ಸರ್, ಮೊದ್ಲು ಹಿತ್ತಲ ಬಾಗ್ಲು ನೋಡಿ. ನಮ್ಮನೇಲಿ ಮುಂದುಗಡೆ ಗ್ರಿಲ್ಲು ಕ್ಯಾಮೆರಾ ಎಲ್ಲಾ ಇತ್ತು, ಕಳ್ಳ ಬಂದಿದ್ದು ಹಿಂದಿಂದ, ಚಿಲಕಕ್ಕೆ ಹಾಕಿದ್ದು ಅರ್ಧ ಇಂಚಿನ ಸ್ಕ್ರೂ, ಒಂದೇ ಒದೆಗೆ ಚೌಕಟ್ಟಿಂದ ಕಿತ್ಕೊಂಡು ಬಂದಿತ್ತು, ನೆಲದ ತುಂಬಾ ಮರದ ಪುಡಿ. ಈಗ 3 ಇಂಚಿನ ಸ್ಕ್ರೂ, ಒಳಗಡೆ ಕಬ್ಬಿಣದ ಅಡ್ಡಪಟ್ಟಿ.

ಉತ್ತರ 2:
ಎರಡು ಕ್ಯಾಮೆರಾ ಸಾಕು, ಗೇಟಿಗೊಂದು ಹಿತ್ತಲಿಗೊಂದು. ಕ್ಯಾಮೆರಾ, ರೌಟರ್ ಎರಡನ್ನೂ ಯುಪಿಎಸ್‌ಗೆ ಹಾಕ್ಸಿ, ಇಲ್ಲಾಂದ್ರೆ ಕರೆಂಟ್ ಹೋದಾಗ ಇದ್ದೂ ಇಲ್ದಂಗೆ.

ಉತ್ತರ 3:
ಅಮ್ಮನ ಫೋನಲ್ಲಿ ಎಮರ್ಜೆನ್ಸಿ ನಂಬರ್ 112 ಸ್ಪೀಡ್ ಡಯಲ್ ಇಡಿ, ನಂಬಿಕೆ ಇರೋ ಪಕ್ಕದ್ಮನೆಯವ್ರ ಹತ್ರ ಒಂದು ಕೀ ಕೊಟ್ಟಿರಿ, ಅವ್ರು ದಿನಾ ಒಂದ್ಸಲ ಮಾತಾಡ್ಸಿದ್ರೆ ಅಮ್ಮಂಗೂ ಧೈರ್ಯ.