ಅಪ್‌ಡೇಟ್: ಮತ್ತೆ ಒಂದಾದ ಮೇಲೆ ನಮ್ಮ ಹಳೆಯ ಒಪ್ಪಂದ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಬೇರೆಯಾದಾಗ ಬರೆದುಕೊಂಡ ಒಪ್ಪಂದ, ನಾನೂ ನನ್ನ ಪತಿಯೂ ಮತ್ತೆ ಒಟ್ಟಿಗೆ ಬಾಳತೊಡಗಿದ ಮೇಲೆ ಉಳಿಯುತ್ತದೆಯೇ ಎಂದು ಹಿಂದೆ ಕೇಳಿದ್ದೆ. ಈಗ ವಕೀಲರಿಂದ ಉತ್ತರ ಸಿಕ್ಕಿದೆ. ದಂಪತಿ ನಿಜವಾಗಿ ರಾಜಿಯಾಗಿ ಸಂಸಾರ ಮುಂದುವರಿಸಿದರೆ ಒಪ್ಪಂದ ಬಿದ್ದುಹೋಗುತ್ತದೆ ಎಂಬುದೇ ಇಲ್ಲಿನ ಸಾಮಾನ್ಯ ನಿಯಮವಾದರೂ, ಒಂದಾದ ಮೇಲೂ ಅದು ಊರ್ಜಿತವೆಂಬ ಷರತ್ತಿದ್ದರೆ, ಅಥವಾ ಆಸ್ತಿ ಹಂಚಿಕೆ ಶಾಶ್ವತವೆಂಬ ಉದ್ದೇಶ ಬರಹದಿಂದಲೇ ಸ್ಪಷ್ಟವಾದರೆ, ಆ ಭಾಗ ಊರ್ಜಿತವಾಗಿಯೇ ಉಳಿಯುತ್ತದೆ. ನಮ್ಮದರಲ್ಲಿ ಅಂಥ ಷರತ್ತು ಮನೆಯ ಪಾಲಿಗೆ ಮಾತ್ರ ಇದೆ, ಜೀವನಾಂಶಕ್ಕಿಲ್ಲ. 90 ದಿನ ಮೀರಿ ಜೊತೆಗಿದ್ದರೆ ಒಪ್ಪಂದ ರದ್ದಾಗುತ್ತದೆಂದು ಹಲವರು ಎಚ್ಚರಿಸಿದ್ದರು (ಅದು ನನ್ನನ್ನು ಸುಮ್ಮನೆ ಹೆದರಿಸಿತ್ತು); ಆದರೆ ಆ ಮಿತಿ ವಿಚ್ಛೇದನ ಕಾಯ್ದೆಗೆ ಸೇರಿದ್ದು: ರಾಜಿಗಾಗಿ ಅಷ್ಟು ದಿನ ಮೀರದಂತೆ ಜೊತೆಗಿದ್ದರೆ ವಿಚ್ಛೇದನಕ್ಕೆ ಬೇಕಾದ ಒಂದು ವರ್ಷದ ಪ್ರತ್ಯೇಕವಾಸದ ಎಣಿಕೆ ಮುರಿಯುವುದಿಲ್ಲ, ಅಷ್ಟೇ. ಜೀವನಾಂಶದ ಕುರಿತು, ಇಬ್ಬರೂ ಬೇರೆ ಬೇರೆ ವಕೀಲರ ಸಲಹೆ ಪಡೆದು, ಸಾಕ್ಷಿಯೆದುರು ಸಹಿ ಹಾಕುವ ಹೊಸ ವಿವಾಹ ಒಪ್ಪಂದವನ್ನು ಸಿದ್ಧಪಡಿಸುತ್ತಿದ್ದೇವೆ.