ಆರು ದಿನದ ಪಿಳ್ಳೆಗಳು ಕಾಲು ಚಾಚಿ ಸತ್ತಂತೆ ಮಲಗುತ್ತಿವೆ: ರೋಗವಾ, ನಿದ್ದೆಯಾ?

ಶಿಡ್ಲಘಟ್ಟ ಹಿತ್ತಿಲು:
ಎಲ್ಲರಿಗೂ ನಮಸ್ಕಾರ. ರೇಷ್ಮೆ ಹುಳ ಸಾಕುವುದನ್ನು ಬಿಟ್ಟ ಮೇಲೆ ನಮ್ಮ ಹುಳದ ಮನೆ ಖಾಲಿ ಬಿದ್ದಿತ್ತು. ಅದರಲ್ಲಿ 12 ಗಿರಿರಾಜ ತಳಿಯ ಕೋಳಿ ಪಿಳ್ಳೆ ತಂದು ಬಿಟ್ಟಿದ್ದೇನೆ. ಇವತ್ತಿಗೆ ಆರು ದಿನ. ಅಮ್ಮ ನಾಟಿ ಕೋಳಿ ಸಾಕುತ್ತಿದ್ದಾಗ ಹೇಟೆಯೇ ಎಲ್ಲ ನೋಡಿಕೊಳ್ಳುತ್ತಿತ್ತು. ಹೇಟೆ ಇಲ್ಲದೆ ನನಗೆ ಇದು ಮೊದಲ ಸಲ.

ರಟ್ಟಿನ ಪೆಟ್ಟಿಗೆ, ಕೆಳಗೆ ಭತ್ತದ ಹೊಟ್ಟು, ಮೇಲೆ 100 ವಾಟ್ ಬಲ್ಬು. ಈಗ ತೊಂದರೆ ಏನೆಂದರೆ, ಮೇಯುತ್ತಾ ಇದ್ದ ಹಾಗೇ ಪಿಳ್ಳೆಗಳು ಮುಗ್ಗರಿಸಿ ಬೀಳುತ್ತವೆ. ಕಾಲು ಹಿಂದಕ್ಕೆ ಚಾಚಿ, ಕತ್ತು ನೆಲಕ್ಕೆ ಹಾಕಿ ಮಲಗುತ್ತವೆ. ನೋಡಿದರೆ ಎದೆ ಧಸಕ್ ಅನ್ನುತ್ತದೆ. ಎರಡನೆಯದು, ಹಿಕ್ಕೆ ಸಾಮಾನ್ಯವಾಗಿ ಗಟ್ಟಿ, ತುದಿಯಲ್ಲಿ ಬಿಳಿ. ಆದರೆ ಮಧ್ಯೆ ಮಧ್ಯೆ ಕಡು ಕಂದು ಬಣ್ಣದ್ದು, ಅಂಟಂಟು, ವಾಸನೆ ತಡೆಯಲಾಗದು. ಮೂರನೆಯದು, ಮೂರ್ನಾಲ್ಕು ಸೀನುತ್ತಿವೆ.

ಪಕ್ಕದ ಮನೆಯವರು ಇದು ಕೊಕ್ಕರೆ ರೋಗದ ಶುರು ಅಂದರು. ಬೆಳ್ಳುಳ್ಳಿ, ಅರಿಶಿನ ಅರೆದು ನೀರಿಗೆ ಹಾಕಿದ್ದೇನೆ. ಯಾವ ಆಂಟಿಬಯಾಟಿಕ್ ಕೊಡಲಿ? ಒಂದೇ ಒಂದು ಹಳದಿ ಮರಿ ಮಾತ್ರ ಚೆನ್ನಾಗಿದೆ. ಬಹಳ ಸಾಧು. ಮಗಳು ಅಂಗೈಯಲ್ಲಿ ಇಟ್ಟುಕೊಂಡರೆ ಅಲ್ಲೇ ಕಣ್ಣು ಮುಚ್ಚಿ ಕೂರುತ್ತದೆ, ಓಡುವುದೂ ಇಲ್ಲ.

ಗುಬ್ಬಿ ತೋಟದಮನೆ:
ಸಾರ್, ಅದು ನಿದ್ದೆ. ನಾನೂ ಮೊದಲ ಸಲ ಎರಡು ಮರಿಯನ್ನು ಟವೆಲಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದ್ದೆ. ಬಸ್ಸಿನಲ್ಲೇ ಎದ್ದು ಕಿಚಕಿಚ ಶುರು ಮಾಡಿದವು. ಮೇವಿನ ತಟ್ಟೆಯನ್ನು ಬೆರಳಿನಿಂದ ಟಕಟಕ ತಟ್ಟಿ ನೋಡಿ. ನಿದ್ದೆಯಲ್ಲಿರುವ ಮರಿ ಎದ್ದು ಓಡಿ ಬರುತ್ತದೆ. ಕಾಯಿಲೆ ಮರಿ ಕಣ್ಣು ಬಿಟ್ಟು, ಮತ್ತೆ ಮುಚ್ಚಿಕೊಳ್ಳುತ್ತದೆ.

ಮಾಲೂರು ಗೂಡು:
ಅಣ್ಣಾ, ನೀವು ಹೆದರಿದ ಮೂರೂ ಹೆದರಬೇಕಾದ್ದಲ್ಲ. ಚೆನ್ನಾಗಿದೆ ಅಂದಿರಲ್ಲ, ಆ ಹಳದಿ ಮರಿಯದೇ ನನಗೆ ಯೋಚನೆ.

ಆರು ದಿನದ ಪಿಳ್ಳೆ ಸಾಧುವಾಗಿ ಇರುವುದಿಲ್ಲ. ಕೈ ಹಾಕಿದರೆ ಹದ್ದು ಬಂತು ಅನ್ನುವ ಹಾಗೆ ಚೆಲ್ಲಾಪಿಲ್ಲಿ ಓಡಬೇಕು. ಕೈಯಲ್ಲಿ ಹಿಡಿದರೆ ಕಾಲು ಒದ್ದುಕೊಂಡು ಕಿರುಚಬೇಕು. ಸುಮ್ನೆ ಕೂತು ತೂಕಡಿಸುತ್ತಿದೆ ಅಂದರೆ ಅದಕ್ಕೆ ಒದೆಯುವ ಶಕ್ತಿ ಇಲ್ಲ. ಈಗಲೇ ಹೋಗಿ ಅದನ್ನು ತಿರುಗಿಸಿ ಹಿಂಭಾಗ ನೋಡಿ. ಆಮೇಲೆ ಎದೆಯ ಬಲಗಡೆ, ಕತ್ತಿನ ಬುಡದಲ್ಲಿ ಮೇವಿನ ಚೀಲ ಮುಟ್ಟಿ ನೋಡಿ. ಮೇದ ಮರಿಯದು ಪುಟ್ಟ ಉಂಡೆಯ ಹಾಗೆ ಸಿಗುತ್ತದೆ.

ಉಳಿದದ್ದಕ್ಕೆ ಬರುತ್ತೇನೆ. ಕಂದು ಹಿಕ್ಕೆ ಮಾಮೂಲು. ಕೋಳಿಗೆ ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲ ಇರುತ್ತವೆ. ಅವು ದಿನಕ್ಕೆ ಕೆಲವು ಸಲ ಖಾಲಿಯಾಗುತ್ತವೆ. ಎಂಟು ಹತ್ತು ಹಿಕ್ಕೆಗೆ ಒಂದು ಹಾಗೇ ಬರುತ್ತದೆ, ನಾರುತ್ತದೆ. ಎಲ್ಲವೂ ನೀರಾದರೆ, ಹಸಿರಾದರೆ, ರಕ್ತ ಕಂಡರೆ ಮಾತ್ರ ಗಾಬರಿ ಪಡಿ.

ಸೀನಿಗೆ ಒಂದು ಪ್ರಶ್ನೆ: ಹುಳದ ಮನೆಗೆ ಇತ್ತೀಚೆಗೆ ಫಾರ್ಮಲಿನ್ನೋ ಬ್ಲೀಚಿಂಗ್ ಪೌಡರೋ ಹೊಡೆದಿದ್ದಿರಾ? ನಿಮಗೇ ಕಣ್ಣು ಉರಿಯುವ ಕೋಣೆಯಲ್ಲಿ ಪಿಳ್ಳೆ ಸೀನದೆ ಇರುತ್ತದಾ? ಹೊಟ್ಟಿನ ದೂಳಿಗೂ ಸೀನುತ್ತವೆ. ಕೆದಕುವಾಗ ಒಂದೆರಡು ಸೀನಿದರೆ ಬಿಡಿ. ರಾತ್ರಿ ದೀಪದ ಕೆಳಗೆ ಎಲ್ಲ ಸುಮ್ಮನಿದ್ದಾಗ ಕಿವಿಗೊಟ್ಟು ಕೇಳಿ. ಎದೆಯಲ್ಲಿ ಗೊರಗೊರ ಸದ್ದು, ಮೂಗಲ್ಲಿ ನೀರು, ಕಣ್ಣಲ್ಲಿ ನೊರೆ ಇದ್ದರೆ ಅದು ಬೇರೆ. ಹೊಟ್ಟಿಗೆ ಬೂಷ್ಟು ಹಿಡಿದಿದೆಯಾ ಅಂತಲೂ ನೋಡಿ. ಬೂಷ್ಟು ಎದೆಗೆ ಹೋದರೆ ಮರಿಗಳು ಸದ್ದಿಲ್ಲದೆ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತವೆ.

100 ವಾಟ್ ಬಲ್ಬು ರಟ್ಟಿನ ಪೆಟ್ಟಿಗೆಗೆ ಜಾಸ್ತಿ ಆಯಿತು. ಥರ್ಮಾಮೀಟರ್ ಇಟ್ಟಿದ್ದೀರಾ?

ಶಿಡ್ಲಘಟ್ಟ ಹಿತ್ತಿಲು:
ಅಕ್ಕ, ಕೈ ನಡುಗುತ್ತಿದೆ. ಹಳದಿ ಮರಿಯ ಹಿಂದೆ ಹಿಕ್ಕೆ ಒಣಗಿ ಕಡಲೆಕಾಳಿನಷ್ಟು ದಪ್ಪ ಗಟ್ಟಿಯಾಗಿದೆ, ಸಿಮೆಂಟು ಮೆತ್ತಿದ ಹಾಗೆ. ದ್ವಾರವೇ ಮುಚ್ಚಿದೆ. ಮೇವಿನ ಚೀಲ ಚಪ್ಪಟೆ. ಮಗಳ ಜ್ವರದ ಥರ್ಮಾಮೀಟರ್ ಬಿಟ್ಟರೆ ಬೇರೆ ಇರಲಿಲ್ಲ. ಅಂಗಡಿಯಿಂದ ಗೋಡೆಗೆ ನೇತುಹಾಕುವುದು ತಂದು ಇಟ್ಟೆ. ಮಧ್ಯಾಹ್ನ 40 ಡಿಗ್ರಿ! ಬ್ಲೀಚಿಂಗ್ ಪೌಡರ್ ಮರಿ ತರುವ ಹಿಂದಿನ ದಿನ ಹಾಕಿದ್ದು ನಿಜ. ಹಿಕ್ಕೆಯನ್ನು ಕಿತ್ತುಬಿಡಲಾ?

ಮಾಲೂರು ಗೂಡು:
ಕೀಳಬೇಡಿ! ಚರ್ಮವೇ ಕಿತ್ತು ಬರುತ್ತದೆ. ರಕ್ತ ಕಂಡರೆ ಉಳಿದವು ಅಲ್ಲೇ ಕುಕ್ಕುತ್ತವೆ.

ಉಗುರು ಬೆಚ್ಚಗಿನ ನೀರಲ್ಲಿ ಹತ್ತಿ ನೆನೆಸಿ ಅದರ ಮೇಲೆ ಒತ್ತಿ ಹಿಡಿಯಿರಿ. ಎರಡು ಮೂರು ನಿಮಿಷ. ತಣ್ಣಗಾದರೆ ಬೇರೆ ಹತ್ತಿ. ಮೆತ್ತಗಾಗಿ ತಾನೇ ಜಾರುವ ತನಕ ಒರೆಸುತ್ತಾ ಇರಿ. ಬಿಟ್ಟ ತಕ್ಷಣ ಒಳಗೆ ಕಟ್ಟಿದ್ದು ಪಿಚಕ್ ಅಂತ ಬರುತ್ತದೆ, ಅಂಗಿ ಹಳೆಯದು ಹಾಕಿಕೊಳ್ಳಿ. ಆಮೇಲೆ ಒದ್ದೆ ಪೂರ್ತಿ ಒಣಗಿಸಿ. ಒದ್ದೆ ಮೈಯಲ್ಲಿ ಬಿಟ್ಟರೆ ಚಳಿಗೇ ಸಾಯುತ್ತದೆ. ಆ ಜಾಗಕ್ಕೆ ಒಂದು ಚೂರು ಕೊಬ್ಬರಿ ಎಣ್ಣೆ ಸವರಿ. ಕೊಕ್ಕನ್ನು ನೀರಿಗೆ ಮುಟ್ಟಿಸಿ ಕುಡಿಸಿ. ದಿನಕ್ಕೆ ಎರಡು ಸಲ ನೋಡಿ, ಮತ್ತೆ ಕಟ್ಟಿಕೊಳ್ಳುವುದುಂಟು.

ಒಂದು ಎಚ್ಚರಿಕೆ. ಹೊಟ್ಟೆಯ ಮೇಲೆ, ದ್ವಾರಕ್ಕಿಂತ ಮುಂದೆ, ಸಣ್ಣ ಕಪ್ಪು ಚೆಕ್ಕೆ ಕಂಡರೆ ಅದು ಹೊಕ್ಕುಳು. ಅದನ್ನೂ ಹಿಕ್ಕೆ ಅಂದುಕೊಂಡು ಕಿತ್ತು ಮರಿ ಕೊಂದವರಿದ್ದಾರೆ.

ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 35 ಡಿಗ್ರಿ ಸಾಕು. ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಸತ್ಯ ಹೇಳಬೇಕೆಂದರೆ ಥರ್ಮಾಮೀಟರಿಗಿಂತ ಪಿಳ್ಳೆಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆ ಬಿದ್ದು ಜೋರಾಗಿ ಕೂಗಿದರೆ ಚಳಿ. ಗೋಡೆ ಹಿಡಿದು, ರೆಕ್ಕೆ ಬಿಡಿಸಿ, ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸೇರಿದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ ಅಂತ.

ಪಾವಗಡ ಬಯಲು:
ಇಷ್ಟೆಲ್ಲ ಯಾಕೆ? ಟೆಟ್ರಾಸೈಕ್ಲಿನ್ ಒಂದು ಚಿಟಿಕೆ ನೀರಿಗೆ ಹಾಕಿ. ನಾನು ಎಲ್ಲ ಬ್ಯಾಚಿಗೂ ಹಾಕುತ್ತೇನೆ.

ಮಾಲೂರು ಗೂಡು:
ಸೆಕೆಗೆ ಟೆಟ್ರಾಸೈಕ್ಲಿನ್ ಏನು ಮಾಡುತ್ತದೆ ಹೇಳಿ? ಕೊಕ್ಕರೆ ರೋಗವೇ ಆಗಿದ್ದರೂ ಅದು ವೈರಸ್ಸು, ಆ ಔಷಧಿಗೆ ಜಗ್ಗುವುದಿಲ್ಲ. ಬೆಳ್ಳುಳ್ಳಿ ನೀರನ್ನೂ ಸದ್ಯಕ್ಕೆ ಚೆಲ್ಲಿ. ವಾಸನೆಗೆ ಕುಡಿಯುವುದು ಕಡಿಮೆ ಮಾಡಿದರೆ ಅದೇ ದೊಡ್ಡ ತೊಂದರೆ. ಅಂದಹಾಗೆ, ಮೇವು ಬರೀ ರಾಗಿ ನುಚ್ಚು ಆಗಿದ್ದರೆ ಸಾಲದು, ಮರಿಗಳ ಸ್ಟಾರ್ಟರ್ ಫೀಡೇ ತನ್ನಿ.

ಶಿಡ್ಲಘಟ್ಟ ಹಿತ್ತಿಲು:
ನಾಲ್ಕು ದಿನ ಆಯಿತು. ಹಳದಿ ಮರಿ ಬದುಕಿತು. ಬಲ್ಬು 60 ವಾಟಿಗೆ ಇಳಿಸಿ, ಪೆಟ್ಟಿಗೆಯನ್ನು ಕಿಟಕಿ ಇರುವ ಕೋಣೆಗೆ ತಂದೆ. ಸೀನು ಹೆಚ್ಚುಕಡಿಮೆ ನಿಂತಿದೆ.

ಆದರೆ ಈಗ ಹನ್ನೊಂದೇ ಇವೆ. ಶಿವರಾತ್ರಿ ಕಳೆಯಿತು, ಚಳಿ ಶಿವಶಿವಾ ಅಂತ ಹೋಯಿತು ಅಂದುಕೊಂಡು ಮಲಗಿದ್ದೆ. ಮೂರು ಗಂಟೆಗೆ ಕರೆಂಟು ಹೋಗಿದೆ, ನನಗೆ ಎಚ್ಚರ ಇಲ್ಲ. ಬೆಳಿಗ್ಗೆ ನೋಡಿದರೆ ಎಲ್ಲ ಮೂಲೆಯಲ್ಲಿ ಗುಡ್ಡೆ, ಅಡಿಯಲ್ಲಿ ಒಂದು ಉಸಿರುಕಟ್ಟಿ ಸತ್ತಿತ್ತು. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ಗುಬ್ಬಿ ತೋಟದಮನೆ:
ಬೇಜಾರಾಯಿತು ಸಾರ್. ರಾತ್ರಿ ಮಲಗುವಾಗ ಬಾಟಲಿಗೆ ಬಿಸಿ ನೀರು ತುಂಬಿ, ಹಳೇ ಪಂಚೆ ಸುತ್ತಿ ಪೆಟ್ಟಿಗೆಯಲ್ಲಿ ಇಡಿ. ಮೂಲೆಗಳಿಗೆ ರಟ್ಟು ಬಗ್ಗಿಸಿ ಗುಂಡಗೆ ಮಾಡಿ. ಮೂಲೆ ಇಲ್ಲದಿದ್ದರೆ ಗುಡ್ಡೆ ಬೀಳುವುದು ಕಡಿಮೆ. ಕೆಂಡದ ಮಡಕೆ ಮಾತ್ರ ಬೇಡ, ಹೊಗೆ ಕಟ್ಟುತ್ತದೆ.

ಚಿಂತಾಮಣಿ ಹೊಸಬ:
ಮಧ್ಯೆ ಬಂದೆ, ಕ್ಷಮಿಸಿ. ನನ್ನವು 26 ದಿನದವು. ಎರಡು ಮರಿ ರೆಕ್ಕೆ ಇಳಿಬಿಟ್ಟು, ಮೈ ಉಬ್ಬಿಸಿಕೊಂಡು ನಿಂತಿವೆ. ಹಿಕ್ಕೆಯಲ್ಲಿ ಕೆಂಪು. ಇದೂ ಮಾಮೂಲಾ?

ಮಾಲೂರು ಗೂಡು:
ಅಲ್ಲ. ಮೂರರಿಂದ ಆರು ವಾರದ ಮರಿಯಲ್ಲಿ ಇಷ್ಟು ಕಂಡರೆ ರಕ್ತಭೇದಿ ಅಂತಲೇ ಹಿಡಿಯಿರಿ. ಕಾಯಬೇಡಿ. ಇವತ್ತೇ ಹಿಕ್ಕೆ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸಾಮಾನ್ಯವಾಗಿ ಆಂಪ್ರೋಲಿಯಂ ನೀರಿಗೆ ಹಾಕಿ ಕೊಡಲು ಹೇಳುತ್ತಾರೆ. ಆ ದಿನಗಳಲ್ಲಿ ಬಿ ಕಾಂಪ್ಲೆಕ್ಸ್ ಸೇರಿಸಬೇಡಿ, ಅದರಲ್ಲಿರುವ ಬಿ1 ಔಷಧಿಯ ಕೆಲಸ ಕೆಡಿಸುತ್ತದೆ. ಒದ್ದೆ ಹೊಟ್ಟು ಪೂರ್ತಿ ತೆಗೆದು ಒಣಗಿದ್ದು ಹಾಕಿ. ಮರಿ ಸತ್ತರೆ ಹೂಳಬೇಡಿ. ಕವರಿನಲ್ಲಿ ಕಟ್ಟಿ ಐಸ್ ಮೇಲಿಟ್ಟು ಡಾಕ್ಟರಿಗೆ ತೋರಿಸಿ, ಕೊಯ್ದು ನೋಡಿದರೆ ಖಚಿತವಾಗುತ್ತದೆ.

ಶಿಡ್ಲಘಟ್ಟ ಹಿತ್ತಿಲು:
ಅಕ್ಕ, ಕೊನೆಯದೊಂದು. ಕೊಕ್ಕರೆ ರೋಗದ ಲಸಿಕೆ ಲಸೋಟಾ ಹಾಕಿಸುವುದು ತಡವಾಯಿತು, ನಾಳೆ ಹಾಕಿಸುತ್ತಿದ್ದೇನೆ. ಹಳದಿ ಮರಿಗೂ ಹಾಕಿಸಲಾ? ಅದು ಈಗ ಎಲ್ಲರಿಗಿಂತ ಜಾಸ್ತಿ ಓಡುತ್ತಿದೆ. ಕೈಗೇ ಸಿಗುವುದಿಲ್ಲ ಅಂತ ಮಗಳು ಮುನಿಸಿಕೊಂಡಿದ್ದಾಳೆ.

ಮಾಲೂರು ಗೂಡು:
ಓಡುತ್ತಿದ್ದರೆ ಹಾಕಿಸಿ, ಕಣ್ಣಿಗೆ ಒಂದು ಹನಿ. ಕಲಸಿದ ಔಷಧಿ ಎರಡು ಗಂಟೆಯೊಳಗೆ ಮುಗಿಯಬೇಕು, ಅದೂ ಐಸ್ ಮೇಲೇ ಇರಲಿ. ಒಂದು ಸೀಸೆಯಲ್ಲಿ ನೂರು ಮರಿಗಾದರೂ ಆಗುವಷ್ಟು ಇರುತ್ತದೆ, ಅಕ್ಕಪಕ್ಕದವರನ್ನೂ ಕರೆಯಿರಿ. ಹಾಕಿಸಿದ ಮೂರ್ನಾಲ್ಕು ದಿನಕ್ಕೆ ಮತ್ತೆ ಸೀನು ಶುರುವಾದರೆ ಗಾಬರಿಯಾಗಿ ಬರೆಯಬೇಡಿ, ಅದು ಲಸಿಕೆಯದು. ವಾರವಾದರೂ ನಿಲ್ಲದಿದ್ದರೆ ಬರೆಯಿರಿ.